ಅಳುವುದಕ್ಕೆ ಏನೂ ಇಲ್ಲ ಎಂದ ಪುನುಗುಬೆಕ್ಕು

ಒಂದು ಕಾಡಿನಲ್ಲಿ ಹುಲಿಯೂ ಇರಲಿಲ್ಲ, ಆನೆಯೂ ಇರಲಿಲ್ಲ. ಇದ್ದದ್ದು ಹೆಚ್ಚಾಗಿ ಕಾರೆ, ಕಳ್ಳಿ, ತುಗ್ಗಲಿ ಗಿಡ, ಮೊಣಕಾಲುದ್ದದ ಹುಲ್ಲು. ದೊಡ್ಡ ಕಾಡಿನವರು ಅದನ್ನು ಕಾಡು ಅಂತ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಆದರೂ ಆ ಕುರುಚಲು ಕಾಡಿಗೆ ಒಂದು ಕಾಲದಲ್ಲಿ ಮರ್ಯಾದೆ ಇತ್ತು. ಅದು ಕಡವಜ್ಜಿ ಬದುಕಿದ್ದ ಕಾಲ.

ಕಡವಜ್ಜಿ ಅಂದರೆ ಒಂದು ಮುದಿ ಕಡವೆ. ಒಂದು ಕಿವಿ ಹರಿದಿತ್ತು, ಹಲ್ಲು ಸವೆದಿತ್ತು, ಮಾತು ಮಾತ್ರ ಸವೆದಿರಲಿಲ್ಲ. ಮುತ್ತುಗದ ಮರ ಕೆಂಪಗೆ ಹೂ ಬಿಟ್ಟಿತು ಅಂದರೆ ಅವಳು ಹುಣಸೆ ಮರದ ಕೆಳಗೆ ಬಂದು ಕೂರುತ್ತಿದ್ದಳು. ಅದು ಎಲ್ಲರಿಗೂ ಕರೆ. ಯಾಕೆಂದರೆ ಮುತ್ತುಗ ಹೂ ಬಿಟ್ಟ ಮೇಲೆ, ಇವತ್ತಲ್ಲ ನಾಳೆ, ಪಡುವಣ ಗುಡ್ಡ ಇಳಿದು ಬೆಂಕಿ ಬಂದೇ ಬರುತ್ತಿತ್ತು. ಅದು ಬರುವ ಮೊದಲು ಎಲ್ಲರೂ ಸೇರಿ ಬೋಳುಗೆರೆ ಎಳೆಯಬೇಕು. ಹುಲ್ಲು ಕಿತ್ತು, ತರಗು ಗುಡಿಸಿ, ಒಂದು ಪಟ್ಟಿ ನೆಲವನ್ನು ಬೋಳು ಮಾಡಿದರೆ ಬೆಂಕಿ ಅಲ್ಲಿಗೆ ಬಂದು, ತಿನ್ನಲು ಏನೂ ಸಿಗದೆ, ಹಸಿದು ಸಾಯುತ್ತಿತ್ತು.

ಗೆರೆ ಎಲ್ಲಿ ಎಳೆಯಬೇಕು ಅಂತ ಅಜ್ಜಿ ಮೊದಲು ಕೇಳುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಮುಂದೆ ಕರೆದು ಒಂದೇ ಮಾತು ಕೇಳುತ್ತಿದ್ದಳು.

"ಏನು ಸುಟ್ಟರೆ ನಿನಗೆ ಅಳು ಬರುತ್ತೆ?"

ಅವರು ಹೇಳಬೇಕು. ಹೇಳುತ್ತಾ ಹೇಳುತ್ತಾ ನಿಜವಾಗಿಯೂ ಅಳು ಬಂದರೆ ಅಳಬೇಕು. ಮುಗಿಯುವ ತನಕ ಯಾರೂ ನಡುವೆ ಬಾಯಿ ಹಾಕಬಾರದು. "ಅದೂ ಒಂದು ಅಳುವಂಥದ್ದಾ?" ಅಂತ ನಕ್ಕವರಿಗೆ ಕಳ್ಳಿ ತುಂಬಿದ ಮೂಲೆಯ ಕೆಲಸ. ಬಾಯಿಬಿಟ್ಟು ಹೇಳಿದ್ದಕ್ಕೆಲ್ಲ, ಅದನ್ನು ಒಳಗೆ ಸೇರಿಸಿಕೊಳ್ಳಲು, ಗೆರೆಯಲ್ಲಿ ಒಂದು ಬಾಗು ಸಿಗುತ್ತಿತ್ತು. ಹೇಳಿಯೂ ಜಾಗ ಸಾಲದೆ ಹೊರಗುಳಿದು ಸುಟ್ಟುಹೋದರೆ, ಮಳೆ ಬರುವ ತನಕ ಉಳಿದವರು ತಮ್ಮ ಪಾಲಿನ ತಿನಿಸನ್ನು ಆ ಮನೆಗೆ ಹಂಚಿ ಕೊಡಬೇಕಿತ್ತು. ಹೇಳದೇ ಇದ್ದದ್ದಕ್ಕೆ ಬಾಗೂ ಇಲ್ಲ, ಪಾಲೂ ಇಲ್ಲ. ಪಕ್ಕದ ಕಾಡಿನವರು ಇದಕ್ಕೆ ಅಳುಕೂಟ ಅಂತ ಹೆಸರಿಟ್ಟು ಹಲ್ಲು ಕಿರಿಯುತ್ತಿದ್ದರು. ಅವರ ಕಾಡು ಎಷ್ಟು ಸಲ ಸುಟ್ಟು ಬೂದಿಯಾಯಿತು ಅನ್ನೋದನ್ನು ಮಾತ್ರ ಅವರು ಯಾರಿಗೂ ಹೇಳುತ್ತಿರಲಿಲ್ಲ.

ಆ ಕಾಲ ಗೌಜಲಹಕ್ಕಿ ಕೆಂಚವ್ವನಿಗೆ ಈಗಲೂ ಚೆನ್ನಾಗಿ ನೆನಪಿತ್ತು. ಅವಳು ಆಗ ಅಮ್ಮನ ರೆಕ್ಕೆಯಡಿಯಿಂದ ಕೊಕ್ಕು ಹೊರಗಿಟ್ಟು ನೋಡುತ್ತಿದ್ದ ಮರಿ. ಮೇಲಿಂದ ಹಣ್ಣಾದ ಹುಣಸೆ ಟಪ್ ಅಂತ ಬೀಳುತ್ತಿತ್ತು. ಅಷ್ಟು ದೊಡ್ಡ ಕರಡಿ ಮೂಗು ಸೊರ ಸೊರ ಎನ್ನಿಸುತ್ತಾ ಅಳುವುದನ್ನು ನೋಡಿ ಅವಳಿಗೆ ನಗು ಬಂದಿತ್ತು. ಅಮ್ಮ ತಲೆಗೊಂದು ಕುಟುಕಿದ್ದಳು. ಆಮೇಲೆ ಅದೇ ಕರಡಿ ಎಲ್ಲರಿಗೂ ಜೇನಿನ ಹುಟ್ಟು ತಂದು ಹಂಚಿತ್ತು. ಜಗಳ ಇರಲಿಲ್ಲ ಅಂತಲ್ಲ. ಕೇಳಿದವರು ಕಿವಿ ಮುಚ್ಚಿಕೊಳ್ಳುವಂಥ ಜಗಳ ನಡೆಯುತ್ತಿತ್ತು. ಆದರೆ ಜಗಳ ಎಲ್ಲರ ಎದುರಿಗೆ ನಡೆಯುತ್ತಿತ್ತು, ಎಲ್ಲರ ಎದುರಿಗೇ ಮುಗಿಯುತ್ತಿತ್ತು.

ಒಂದು ಚಳಿಗಾಲ ಕಡವಜ್ಜಿ ಹೋಗಿಬಿಟ್ಟಳು. ಅವಳ ಜಾಗದಲ್ಲಿ ಯಾರೂ ಕೂರಲಿಲ್ಲ. ಮುತ್ತುಗ ತನ್ನ ಪಾಡಿಗೆ ಹೂ ಬಿಟ್ಟಿತು. ಹುಣಸೆ ಹಣ್ಣು ಉದುರಿ ಇರುವೆ ಮುತ್ತಿತು.

ಮರುವರ್ಷ ಎದ್ದು ಬಂದವನು ಪುನುಗುಬೆಕ್ಕು ಪುನುಗಯ್ಯ. ಅವನ ಮೈಯ ಪುನುಗು ದೇವರ ಅಭಿಷೇಕಕ್ಕೆ ಹೋಗುತ್ತೆ ಅಂತ ಅವನಿಗೊಂದು ಜಂಬ. ಯಾವ ದೇವರು, ಯಾವ ಗುಡಿ ಅಂತ ಕೇಳಿದರೆ ಮೀಸೆ ನೆಕ್ಕಿಕೊಳ್ಳುತ್ತಿದ್ದ. ಹಗಲೆಲ್ಲ ಪೊದೆಯೊಳಗೆ ನಿದ್ದೆ, ಮುಸ್ಸಂಜೆಗೆ ಎದ್ದು ಕಂಡವರ ಮನೆ ಬಾಗಿಲಲ್ಲಿ ಹರಟೆ. ಯಾರ ಮನೆಯಲ್ಲಿ ಏನು ಬೆಂದಿತು, ಯಾರ ಹೆಂಡತಿ ತವರಿಗೆ ಹೋದಳು, ಎಲ್ಲಾ ಅವನಿಗೆ ಗೊತ್ತು.

ಅವನು ಮನೆ ಮನೆಗೂ ಹೋಗಿ ಒಂದೇ ರಾಗ ಹಾಡಿದ. ಈ ಅಳುಕೂಟ ಎಲ್ಲಾ ಹಳೇ ಕಾಲದ ಮಾತು, ಸುಮ್ಮನೆ ಹೊತ್ತು ಹಾಳು, ಬರೀ ಜಗಳ. ಎಲ್ಲರಿಗೂ ಬೇಕಾದದ್ದು ಒಂದೇ ತಾನೆ, ಬೆಂಕಿಯಿಂದ ಉಳಿಯೋದು. ನೀವು ಯಾರೂ ಬರಬೇಡಿ, ನಾನೇ ನಿಮ್ಮ ನಿಮ್ಮ ಮನೆಗೆ ಬಂದು ಕೇಳಿ, ಗೆರೆ ಎಲ್ಲಿ ಅಂತ ತೋರಿಸುತ್ತೀನಿ ಅಂದ. ಎಲ್ಲರಿಗೂ ಹಾಯಾಯಿತು. ಒಬ್ಬರ ಅಳು ಒಬ್ಬರು ಕೇಳುವುದು ಯಾರಿಗೆ ತಾನೆ ಇಷ್ಟ?

ಕೆಂಚವ್ವನ ಮನೆಗೂ ಬಂದ. ಅವಳ ಗೂಡು ಹುಲ್ಲುಬಯಲಿನಲ್ಲಿ, ಒಂದು ಕಾರೆ ಗಿಡದ ಬುಡದಲ್ಲಿತ್ತು. ಗೂಡು ಅಂದರೆ ಏನು, ನೆಲದಲ್ಲಿ ಒಂದು ಬಟ್ಟಲಷ್ಟು ಗುಳಿ, ಅದರೊಳಗೆ ನಾಲ್ಕು ಎಳೆ ಹುಲ್ಲು. ಆ ಗುಳಿ ತುಂಬ ಮೊಟ್ಟೆ. ಗೌಜಲಹಕ್ಕಿ ಓಡುವುದರಲ್ಲಿ ಗಟ್ಟಿ, ಬೇಕಾದರೆ ಬುರ್ರೆಂದು ಹಾರಿಯೂ ಹೋಗುತ್ತೆ. ಆದರೆ ಮೊಟ್ಟೆ ಓಡುತ್ತಾ? ಗಂಡ ಇದ್ದ, ಇಲ್ಲ ಅನ್ನೋ ಹಾಗಿಲ್ಲ. ಹುತ್ತದ ಮೇಲೆ ನಿಂತು ಕೂಗು ಅಂದರೆ ಇಡೀ ಕಾಡು ಕೇಳುವ ಹಾಗೆ ಕೂಗುತ್ತಿದ್ದ. ಕಾವು ಕೂರು ಅಂದರೆ ಹೊಟ್ಟೆನೋವು. ಹೋದ ವರ್ಷ, ಕೂಟವೂ ಇಲ್ಲದೆ ಗೆರೆಯೂ ಇಲ್ಲದೆ, ಅವಳ ಇಡೀ ಗೂಡು ಸುಟ್ಟುಹೋಗಿತ್ತು. ಈ ವರ್ಷದ ಮೊಟ್ಟೆಗಳ ಮೇಲೆ ಅವಳು ಪ್ರಾಣ ಇಟ್ಟುಕೊಂಡು ಕೂತಿದ್ದಳು.

"ಕೆಂಚಕ್ಕಾ, ಗೆರೆ ನಿನ್ನ ಗೂಡನ್ನು ಸುತ್ತಿಕೊಂಡೇ ಬರುತ್ತೆ, ನಿಶ್ಚಿಂತೆಯಾಗಿರು" ಅಂದ ಪುನುಗಯ್ಯ. "ನೀನು ಹಳ್ಳದ ಪಕ್ಕ ತುಗ್ಗಲಿ ಸಾಲಿನ ತರಗು ಕೆದರಿ ಹಾಕಿದರೆ ಸಾಕು. ಮಿಕ್ಕದ್ದು ಬೇರೆಯವರು ಮಾಡ್ತಾರೆ. ಒಂದೇ ಮಾತು, ಜಿಂಕೆ ಚೆಲುವಣ್ಣನ ಕಿವಿಗೆ ಹಾಕಬೇಡ. ಎರಡು ಹಕ್ಕಿ ಮೊಟ್ಟೆಗೆ ಯಾರು ಮೈ ಬಗ್ಗಿಸ್ತಾರೆ ಅಂತ ನಕ್ಕ ಅವನು."

ಕೆಂಚವ್ವನಿಗೆ ಹೊಟ್ಟೆ ಉರಿದುಹೋಯಿತು. ಅವತ್ತಿನಿಂದ ಚೆಲುವಣ್ಣ ಎದುರಿಗೆ ಬಂದರೆ ಅವಳು ಬೆನ್ನು ತಿರುಗಿಸಿ ನಿಂತಳು.

ಚೆಲುವಣ್ಣ ಅಂದರೆ ಚುಕ್ಕೆ ಜಿಂಕೆಗಳ ಹಿಂಡಿನ ಯಜಮಾನ. ಕೊಂಬಿನ ಮೇಲೆ ಬಹಳ ಅಭಿಮಾನ. ಕೊಂಬು ಉದುರಿದ ತಿಂಗಳಲ್ಲಿ ಅವನು ಯಾರಿಗೂ ಮುಖ ತೋರಿಸದೆ ಪೊದೆ ಸೇರುತ್ತಿದ್ದ ಅನ್ನೋದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಪುನುಗಯ್ಯ ಅವನ ಹತ್ತಿರ ಹೋಗಿ, ಗೆರೆ ನಿನ್ನ ಹುಲ್ಲಿಗೇ, ಆದರೆ ಹಂದಿ ದುರುಗವ್ವನಿಗೆ ಹೇಳಬೇಡ, ನಿನ್ನನ್ನು ಬೋಳುತಲೆಯವನು ಅಂತ ಆಡಿಕೊಂಡಳು ಅಂದ. ದುರುಗವ್ವನ ಹತ್ತಿರ ಹೋಗಿ, ಗೆರೆ ನಿನ್ನ ಕೆಸರಿನ ಹೊಂಡಕ್ಕೇ, ಆದರೆ ಕರಡಿ ಜಾಂಬಣ್ಣನಿಗೆ ಹೇಳಬೇಡ, ನಿನ್ನ ಹೊಂಡದ ನಾತಕ್ಕೆ ಜೇನುಹುಳ ಊರು ಬಿಟ್ಟುಹೋದವು ಅಂತಾನೆ ಅಂದ. ಜಾಂಬಣ್ಣನ ಹತ್ತಿರ ಹೋಗಿ, ಗೆರೆ ನಿನ್ನ ಹಿಪ್ಪೆ ಮರಗಳಿಗೇ, ಆದರೆ ಆ ಗೌಜಲಹಕ್ಕಿಗೆ ಹೇಳಬೇಡ, ನೀನು ಹಿಪ್ಪೆ ಹೂ ತಿಂದು ಮತ್ತೇರಿ ಬಿದ್ದಿರ್ತೀಯ ಅಂತ ಸಾರಿಕೊಂಡು ಬಂದಳು ಅಂದ. ಆ ಕೊನೇ ಮಾತು ಕೆಂಚವ್ವ ಆಡಿರಲಿಲ್ಲ. ಆದರೆ ಮಾತೇನೋ ಸುಳ್ಳಲ್ಲ.

ಹೀಗೆ ಎಲ್ಲರೂ ಮುಖ ಊದಿಸಿಕೊಂಡು ತಂತಮ್ಮ ತುಂಡು ನೆಲ ಬೋಳು ಮಾಡತೊಡಗಿದರು. ಒಬ್ಬರು ಕೆಲಸಕ್ಕೆ ಬರುವ ಹೊತ್ತಿಗೆ ಇನ್ನೊಬ್ಬರು ಬರುತ್ತಿರಲಿಲ್ಲ. ಕಡವಜ್ಜಿ ಇದ್ದಾಗ ಗೆರೆ ಕೆಲಸ ಅಂದರೆ ಹಬ್ಬ. ಹಂದಿ ಉತ್ತ ನೆಲದಲ್ಲಿ ಹಕ್ಕಿಗಳಿಗೆ ಹುಳ, ಕರಡಿ ಒಡೆದ ಹುತ್ತದಲ್ಲಿ ಎಲ್ಲರಿಗೂ ಗೆದ್ದಲು, ನಗು, ಚೇಷ್ಟೆ, ಸಂಜೆಗೆ ಯಾರೋ ಒಬ್ಬರ ಮೇಲೆ ಚಾಡಿ. ಈಗ ಬರೀ ನೆಲ ಕೆರೆಯುವ ಸದ್ದು.

ಕೆಂಚವ್ವ ದಿನಾ ಬಿಸಿಲು ಇಳಿದ ಮೇಲೆ ಹೋಗಿ ಒಂದಿಷ್ಟು ತರಗು ಕೆದರಿ ಬರುತ್ತಿದ್ದಳು. ಬಹಳ ಹೊತ್ತು ಬಿಟ್ಟಿದ್ದರೆ ಮೊಟ್ಟೆ ತಣ್ಣಗಾಗುತ್ತಿತ್ತು, ಹಾಗಾಗಿ ಅವಳ ತುಂಡು ಮಾತ್ರ ಮುಗಿದೇ ಇರಲಿಲ್ಲ. ಒಂದು ಸಂಜೆ ಅವಳಿಗೆ ಬಹಳ ಹಸಿವಾಯಿತು. ತನ್ನ ತುಂಡಿನ ಕೊನೆಯಲ್ಲಿ ಯಾರೋ ಹುತ್ತ ಒಡೆದದ್ದು ಕಂಡಿತು. ಗೆದ್ದಲು ಹೆಕ್ಕುತ್ತಾ ಹಾಗೇ ಮುಂದೆ ಹೋದಳು. ಅದು ಜಾಂಬಣ್ಣನ ತುಂಡು. ಅದು ಮುಗಿದ ಕಡೆ ಉತ್ತ ಹಾಗೆ ನೆಲ ಎದ್ದಿತ್ತು, ಅದು ದುರುಗವ್ವನದು. ಅದರ ಮುಂದೆ ಕಚ್ಚಿ ಕಚ್ಚಿ ಬೋಳಾದ ಹುಲ್ಲು, ಚೆಲುವಣ್ಣನ ಹಿಂಡಿನದು. ಅದು ಎಲ್ಲಿ ಹೋಗಿ ಮುಟ್ಟುತ್ತೆ ಅಂತ ನೋಡೋಣ ಅಂತ ಓಡಿದಳು. ನೋಡಿದರೆ ತಾನೇ ಕೆದರಿದ ತರಗಿನ ರಾಶಿ ಮುಂದೆ ಬಂದು ನಿಂತಿದ್ದಳು.

ಸುತ್ತಿ ಸುತ್ತಿ ಅಲ್ಲಿಗೇ ಬಂದಿದ್ದಳು. ಅದು ಕಾಡಿಗೆ ಎಳೆದ ಗೆರೆ ಅಲ್ಲ, ಬಳೆ. ಬಳೆಯ ಒಳಗೆ ಅವಳ ಗೂಡಿರಲಿಲ್ಲ. ಹೊಂಡ ಇರಲಿಲ್ಲ, ಹಿಪ್ಪೆ ಮರ ಇರಲಿಲ್ಲ. ಒಳಗಿದ್ದದ್ದು ಒಂದೇ, ಈಚಲ ಮೆಳೆ. ಗೊಂಚಲು ಗೊಂಚಲು ಕಾಯಿ ಕಟ್ಟಿ ನಿಂತಿತ್ತು. ಮೆಳೆಯ ಪಕ್ಕದ ಬಂಡೆ ಮೇಲೆ ಹೋದ ವರ್ಷದ ಒಣಗಿದ ಹಿಕ್ಕೆ, ಅದರ ತುಂಬ ಈಚಲ ಬೀಜ. ಗಾಳಿ ಬೀಸಿದರೆ ಪುನುಗಿನ ವಾಸನೆ ಗಮ್ಮೆನ್ನುತ್ತಿತ್ತು.

ಕೆಂಚವ್ವನಿಗೆ ಎಲ್ಲಾ ಅರ್ಥವಾಯಿತು. ಕಾಡೆಲ್ಲ ಸುಟ್ಟು ಕರಿಯಾದಾಗ ಹಸುರಾಗಿ ಉಳಿಯುವುದು ಇದೊಂದು ಮೆಳೆ. ಆಗ ಹಸಿದವರೆಲ್ಲ ಬಂದು ಯಾರ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು? ಹರಟೆ ಹೊಡೆದುಕೊಂಡಿದ್ದವನು ಒಂದೇ ಬೇಸಿಗೆಗೆ ಕಾಡಿನ ಯಜಮಾನ.

ತಲೆ ಎತ್ತಿದಳು. ಪಡುವಣ ಗುಡ್ಡದ ನೆತ್ತಿಯಲ್ಲಿ ಹೊಗೆ ಎದ್ದಿತ್ತು.

ಅವಳು ಮೊದಲು ಓಡಿದ್ದು ಗೂಡಿಗೆ. ಮೊಟ್ಟೆ ಮುಟ್ಟಿ ನೋಡಿದಳು, ಬೆಚ್ಚಗಿದ್ದವು. ಒಳಗಿಂದ ಕುಟುಕುವ ಸದ್ದು ಇನ್ನೂ ಬಂದಿರಲಿಲ್ಲ. ಗಂಡನನ್ನು ಹುತ್ತದಿಂದ ಇಳಿಸಿ, ಇವತ್ತು ಹೊಟ್ಟೆನೋವು ಗಿಟ್ಟೆನೋವು ಅಂದರೆ ರೆಕ್ಕೆ ಪುಕ್ಕ ಒಂದೂ ಉಳಿಸೋದಿಲ್ಲ ಅಂತ ಹೇಳಿ ಕಾವಿಗೆ ಕೂರಿಸಿದಳು. ಆಮೇಲೆ ದುರುಗವ್ವನ ಹೊಂಡದ ಕಡೆ ಓಡಿದಳು.

ಪುನುಗಯ್ಯ ಮೋಸ ಮಾಡಿದ ಅಂತ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಅವಳು ಹೇಳಲೂ ಇಲ್ಲ. ನಿನ್ನ ತುಂಡು ಎಲ್ಲಿ ಮುಗಿಯುತ್ತೆ, ತೋರಿಸು ಬಾ ಅಂದಳು ಅಷ್ಟೆ. ದುರುಗವ್ವ ಮರಿಗಳನ್ನು ಹಿಂದೆ ಕಟ್ಟಿಕೊಂಡು ಗೊಣಗುತ್ತಾ ಬಂದಳು. ದಾರಿಯಲ್ಲಿ ಚೆಲುವಣ್ಣ ಸಿಕ್ಕ. ಈ ಹಂದಿ ನನ್ನ ತುಂಡಿನ ಮೇಲೆ ಯಾಕೆ ಕಾಲಿಟ್ಟಳು ಅಂತ ಅವನೂ ಹಿಂದೆ ಬಂದ. ಗಲಾಟೆ ಕೇಳಿ ಜಾಂಬಣ್ಣ ಬಂದ. ನೀನು ಹೀಗಂದೆಯಂತೆ, ಹಾಗಂದೆಯಂತೆ ಅಂತ ಜಗಳ ಆಡುತ್ತಾ ಆಡುತ್ತಾ ಅಷ್ಟೂ ಜನ ಸುತ್ತು ಬಂದು, ಹೊರಟ ಜಾಗಕ್ಕೇ ಬಂದು ನಿಂತರು. ಅಲ್ಲಿಗೆ ಜಗಳ ನಿಂತಿತು.

ಆಮೇಲೆ ಜಾಂಬಣ್ಣ ಮೆಲ್ಲಗೆ ಕೇಳಿದ.

"ದುರುಗಕ್ಕಾ, ನಿನ್ನ ಹೊಂಡ ನಾರುತ್ತೆ ಅಂತ ನಾನು ಅಂದೆ ಅಂತ ನಿನಗೆ ಯಾರು ಹೇಳಿದ್ದು?"

"ನಿನಗೆ ಕುಡುಕ ಅಂತ ಕೆಂಚಿ ಅಂದಳು ಅಂತ ಯಾರು ಹೇಳಿದರೋ, ಅವರೇ."

ಎಲ್ಲರೂ ಮೆಳೆಯ ಕಡೆ ತಿರುಗಿದರು. ಪುನುಗಯ್ಯ ಮೆಳೆಯ ಒಳಗಿಂದಲೇ ಮೈ ಮುರಿಯುತ್ತಾ ಬಂದ. ಇಷ್ಟು ಜನರನ್ನು ಒಟ್ಟಿಗೆ ನೋಡಿ ಅವನ ಮೀಸೆ ಒಂದು ಸಲ ನಡುಗಿತು. ಆದರೆ ನಾಲಿಗೆ ನಡುಗಲಿಲ್ಲ. ಗೆರೆ ಈ ಕಡೆ ಬಂದದ್ದು ನೆಲ ಮೆತ್ತಗಿದೆ ಅಂತ, ಅದನ್ನು ಮುಂದೆ ಎಲ್ಲರ ಮನೆಗೂ ಬೆಳೆಸೋಣ ಅಂತಿದ್ದೆ ಅಂದ. ಈ ಮೆಳೆ ಯಾರಿಗೆ ಬೇಕು, ಈಚಲ ಹಣ್ಣು ಕಂಡರೇ ನನಗಾಗೋದಿಲ್ಲ, ಹಲ್ಲು ಜುಂ ಅನ್ನುತ್ತೆ ಅಂದ. ದುರುಗವ್ವ ಬಂಡೆಯ ಮೇಲಿನ ಹಿಕ್ಕೆ ಮೂಸಿ, ಹಲ್ಲು ಜುಂ ಅಂದರೂ ಹೊಟ್ಟೆ ಬೇಡ ಅನ್ನಲಿಲ್ಲ ಅಂತ ಕಾಣುತ್ತೆ ಅಂದಳು. ಅವಳ ಮರಿಗಳು ಕಿಸಿಕ್ಕೆಂದು ನಕ್ಕವು.

ಅವನನ್ನು ಅಲ್ಲೇ ತುಳಿದು ಹಾಕಬೇಕು ಅಂತ ಜಾಂಬಣ್ಣ ಪಂಜ ಎತ್ತಿದ. ಕೆಂಚವ್ವ ಅಡ್ಡ ಬಂದಳು. ಹೊಗೆ ನೋಡು ಅಂದಳು. ಇವನನ್ನು ತುಳಿಯಲು ಹೊತ್ತಿಲ್ಲ, ಹುಣಸೆ ಮರದ ಕೆಳಗೆ ಬನ್ನಿ ಅಂದಳು.

ಅಂಗೈಯಗಲದ ಹಕ್ಕಿ ಕೂಟ ಕರೆಯೋದು ಅಂದರೆ? ಬೇರೆ ದಿನ ಆಗಿದ್ದರೆ ನಕ್ಕಿರುತ್ತಿದ್ದರು. ಅವತ್ತು ಎಲ್ಲರೂ ಹೋದರು. ಕಡವಜ್ಜಿ ಕೂರುತ್ತಿದ್ದ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಕೆಂಚವ್ವ ಅಲ್ಲಿ ಕೂರಲಿಲ್ಲ, ಪಕ್ಕದಲ್ಲಿ ನಿಂತುಕೊಂಡಳು. ಅಜ್ಜಿ ಕೇಳುತ್ತಿದ್ದ ಮಾತನ್ನು ಕೇಳಿದಳು. ಅವಳ ದನಿ ಅಜ್ಜಿಯದರಂತೆ ದೊಡ್ಡದಾಗಿ ಬರಲಿಲ್ಲ. ಆದರೂ ಆ ಮಾತು ಕಿವಿಗೆ ಬಿದ್ದಕೂಡಲೇ ಜಾಂಬಣ್ಣನ ಮೂಗು ಸೊರ ಸೊರ ಎನ್ನತೊಡಗಿತು.

ಅವನಿಗೆ ಹಿಪ್ಪೆ ಮರ ಸುಟ್ಟರೆ ಅಳು. ಹೂವಿನ ಆಸೆಗಲ್ಲ ಅಂದ. ಅವರಮ್ಮ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಹತ್ತಿದ ಮರ ಅದು, ಅವಳ ಉಗುರಿನ ಗೀರು ಇನ್ನೂ ತೊಗಟೆಯ ಮೇಲಿದೆ ಅಂದ. ದುರುಗವ್ವನಿಗೆ ಹೊಂಡದ ಸುತ್ತಿನ ಆಪು ಹುಲ್ಲು ಸುಟ್ಟರೆ ಅಳು. ಕೆಸರಿಗೆ ಬೆಂಕಿ ಹತ್ತೋದಿಲ್ಲ, ಆದರೆ ಆಪಿನ ನೆರಳಿಲ್ಲದಿದ್ದರೆ ಹೊಂಡ ಬತ್ತಿ ಮರಿಗಳ ಚರ್ಮ ಬಿರಿಯುತ್ತೆ ಅಂದಳು.

ಚೆಲುವಣ್ಣನ ಸರದಿ ಬಂತು. ಅವನು ಬಹಳ ಹೊತ್ತು ನೆಲ ಕೆರೆದ.

"ನಿಮಗೆಲ್ಲ ಸುಟ್ಟರೆ ಅಳು" ಅಂದ. "ನನಗೆ ಹುಲ್ಲು ಸುಡದೇ ಇದ್ದರೆ ಅಳು. ಈ ಒಣ ಹುಲ್ಲು ನಾರು, ಅದರಲ್ಲಿ ಸಾರವಿಲ್ಲ. ಸುಟ್ಟ ನೆಲದಲ್ಲಿ ಮೊದಲ ಮಳೆಗೆ ಚಿಗುರು ಬಂದರೇ ನಮ್ಮ ಹೆಂಗಸರಿಗೆ ಹಾಲು. ಹೋದ ವರ್ಷ ಹುಲ್ಲೆಲ್ಲ ಸುಟ್ಟಿತು, ನೀವೆಲ್ಲ ಅತ್ತಿರಿ. ನಾನು ಒಳಗೊಳಗೇ ಖುಷಿಪಟ್ಟೆ. ಅದನ್ನು ಹೇಳೋಕೆ ಇಷ್ಟು ದಿನ ನಾಚಿಕೆ."

ಅವನು ಸುಡಲಿ ಅನ್ನುತ್ತಿದ್ದ ಹುಲ್ಲಿನಲ್ಲೇ ಕೆಂಚವ್ವನ ಗೂಡಿತ್ತು. ಹೋದ ವರ್ಷ ಅವಳ ಮೊಟ್ಟೆ ಬೆಂದ ದಿನ ಇವನು ಖುಷಿಪಟ್ಟಿದ್ದ. ಅವಳ ಕೊಕ್ಕಿನ ತುದಿಗೆ ಬಂದ ಬೈಗುಳ ಕೇಳಿದ್ದರೆ ಕಳ್ಳಿ ಕೂಡ ಬಾಡುತ್ತಿತ್ತು. ಆದರೆ ಮುಗಿಯುವ ತನಕ ಬಾಯಿ ಹಾಕಬಾರದು. ಅವಳು ಬಾಯಿ ಮುಚ್ಚಿಕೊಂಡು ಕೇಳಿದಳು. ಕೇಳುತ್ತಾ ಕೇಳುತ್ತಾ, ಹಾಲಿಲ್ಲದ ಮರಿಯೂ ಮರಿಯೇ ತಾನೆ ಅನ್ನಿಸಿತು.

ತನ್ನ ಸರದಿಯಲ್ಲಿ ಅವಳು ಹೆಚ್ಚು ಹೇಳಲಿಲ್ಲ. "ನನ್ನ ಮೊಟ್ಟೆ ನಿನ್ನ ಹುಲ್ಲಿನಲ್ಲಿದೆ ಚೆಲುವಣ್ಣ. ಅವು ಇನ್ನೂ ಒಡೆದಿಲ್ಲ."

ಚೆಲುವಣ್ಣ ತಲೆ ತಗ್ಗಿಸಿದ. ಹಕ್ಕಿ ಮೊಟ್ಟೆಗೆ ಯಾರು ಮೈ ಬಗ್ಗಿಸ್ತಾರೆ ಅನ್ನೋ ಮಾತು ಅವನು ಕನಸಿನಲ್ಲೂ ಆಡಿರಲಿಲ್ಲ. ಅಲ್ಲಿ ಮೊಟ್ಟೆ ಇರುವುದೇ ಅವನಿಗೆ ಗೊತ್ತಿರಲಿಲ್ಲ.

ಕೊನೆಗೆ ಉಳಿದವನು ಪುನುಗಯ್ಯ. ಮೋಸಗಾರನನ್ನು ಕೇಳೋದೇನು ಅಂತ ದುರುಗವ್ವ ಎದ್ದಳು. ಅಜ್ಜಿ ಯಾರನ್ನೂ ಬಿಡುತ್ತಿರಲಿಲ್ಲ ಅಂದಳು ಕೆಂಚವ್ವ. ಅವನ ಕಡೆ ತಿರುಗಿದಳು.

"ಪುನುಗಯ್ಯ, ಏನು ಸುಟ್ಟರೆ ನಿನಗೆ ಅಳು ಬರುತ್ತೆ?"

ಒಂದು ಮಾತು. ಈಚಲ ಮೆಳೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಬೈಯುತ್ತಿದ್ದರು, ಕಳ್ಳಿ ಮೂಲೆ ಕೊಡುತ್ತಿದ್ದರು, ಆದರೆ ಗೆರೆಯಲ್ಲಿ ಬಾಗು ಕೊಡುತ್ತಿದ್ದರು. ಬಳೆಯಲ್ಲಿ ಉಳಿದಿದ್ದದ್ದು ಕೆಂಚವ್ವನ ತುಗ್ಗಲಿ ಸಾಲು ಒಂದೇ, ಜಾಂಬಣ್ಣನಿಗೆ ಅದು ಎರಡು ಸಲ ಗುಡಿಸಿದರೆ ಮುಗಿಯುವ ಕೆಲಸ. ಆದರೆ ಹಣ್ಣು ಕಂಡರಾಗೋದಿಲ್ಲ ಅಂತ ಈಗ ತಾನೆ ಹೇಳಿದ ಬಾಯಲ್ಲಿ ಅದನ್ನು ಹೇಗೆ ಹೇಳೋದು? ಹಿಕ್ಕೆಗೆ ನಕ್ಕ ಹಂದಿಮರಿಗಳ ಮುಂದೆ?

"ನನಗೇನಿದೆ ತಾಯಿ" ಅಂದ. "ನಿಮ್ಮ ಸುಖವೇ ನನ್ನ ಸುಖ. ನನಗೆ ಅಳುವುದಕ್ಕೆ ಏನೂ ಇಲ್ಲ."

ಕೆಂಚವ್ವ ಇನ್ನೊಂದು ಸಲ ಕೇಳಿದಳು. ಅವನು ಇನ್ನೊಂದು ಸಲ ಅದನ್ನೇ ಹೇಳಿದ.

ಆಮೇಲೆ ಜಗಳ ಶುರುವಾಯಿತು. ಎಂಥ ಜಗಳ! ಹಳೇ ಕಾಲದ್ದೇ ರುಚಿ. ಎಲ್ಲವೂ ಗೆರೆಯೊಳಗೆ ಬರುವ ಹಾಗಿರಲಿಲ್ಲ, ಅಷ್ಟು ಹೊತ್ತಿರಲಿಲ್ಲ. ದುರುಗವ್ವ ಹೊಂಡದ ಆಚೆ ದಡದ ಆಪು ಬಿಟ್ಟುಕೊಟ್ಟಳು, ಬಿಟ್ಟುಕೊಟ್ಟದ್ದನ್ನು ಸಾಯುವ ತನಕ ಹೇಳಿಕೊಂಡು ತಿರುಗಿದಳು. ಜಾಂಬಣ್ಣನಿಗೆ ಅಮ್ಮನ ಗೀರಿದ್ದ ಮರ ಉಳಿಯಿತು, ಉಳಿದ ಹಿಪ್ಪೆಗಳು ಹೊರಗೆ. ಹುಲ್ಲುಬಯಲನ್ನು ಎರಡು ಮಾಡಿದರು. ಗುಡ್ಡದ ಕಡೆಯ ಮೇಲು ಹುಲ್ಲು ಚೆಲುವಣ್ಣನಿಗೆ, ಅದು ಸುಡಲಿ ಅಂತ ಬಿಟ್ಟರು. ಕೆಳಗಿನ ಹುಲ್ಲು ಕೆಂಚವ್ವನಿಗೆ. ಅವಳಿಂದ ಏನೂ ಬಿಡಿಸಿಕೊಳ್ಳಲಿಲ್ಲ. ಅವಳ ಹತ್ತಿರ ಬಿಡುವುದಕ್ಕೆ ಬೇರೇನಿತ್ತು?

ಗೆರೆ ಎಳೆಯುವುದೂ ಹಳೇ ಕಾಲದ ಹಾಗೇ ನಡೆಯಿತು. ಯಾರೂ ಯಾರಿಗಾಗಿಯೂ ತ್ಯಾಗ ಗೀಗ ಮಾಡಲಿಲ್ಲ. ದುರುಗವ್ವನಿಗೆ ಗೆಡ್ಡೆ ಬೇಕಿತ್ತು, ಅಗೆಯುತ್ತಾ ಹೋದಳು, ನೆಲ ಉತ್ತಂತಾಯಿತು. ಜಾಂಬಣ್ಣನಿಗೆ ಗೆದ್ದಲು ಬೇಕಿತ್ತು, ಹುತ್ತ ಒಡೆದು ಮಣ್ಣು ಹರಡಿದ. ಚೆಲುವಣ್ಣನ ಹಿಂಡು ನಾರು ನಾರು ಅಂತ ಶಾಪ ಹಾಕುತ್ತಲೇ ಹುಲ್ಲು ಕಚ್ಚಿತು, ಆಚೆ ಕಡೆ ಬರಲಿರುವ ಚಿಗುರಿನ ಆಸೆಗೆ. ಕೆಂಚವ್ವ ಹಿಂದೆ ಹಿಂದೆ ತರಗು ಕೆದರಿ, ಹುಳ ಹೆಕ್ಕಿದಳು. ಎಲ್ಲರ ಬಯಕೆ ಬೇರೆ, ಬಿದ್ದ ಗೆರೆ ಒಂದು.

ಪುನುಗಯ್ಯ ಎಲ್ಲರ ಮುಂದೆ ನಾಲ್ಕು ಎಲೆ ಗುಡಿಸಿದ ಹಾಗೆ ಮಾಡಿ ಮಾಯವಾದ. ಅವನು ಒಬ್ಬನೇ ತುಗ್ಗಲಿ ಸಾಲಿನಲ್ಲಿ ತರಗು ಕೆರೆಯುತ್ತಿದ್ದ ಅಂತ ದುರುಗವ್ವನ ಮರಿಗಳು ಬಂದು ಸುದ್ದಿ ಕೊಟ್ಟವು. ಅವುಗಳನ್ನು ಕಂಡಕೂಡಲೇ ಎರಡು ಕಾಲ ಮೇಲೆ ಕೂತು, ಗಾಳಿ ಎಷ್ಟು ತಂಪಾಗಿದೆ ಅಂತ ಆಕಾಶ ನೋಡಿದನಂತೆ. ಆ ಪುಟ್ಟ ಪಂಜದಲ್ಲಿ ಎಷ್ಟು ಕೆರೆದಾನು? ಬನ್ನಿ, ಒಂದು ಕೈ ಹಾಕಿ ಅಂತ ಕರೆಯಲು ಅವನಿಗೆ ಬಾಯಿ ಬರಲಿಲ್ಲ.

ಮಾರನೆಯ ಮಧ್ಯಾಹ್ನ ಬೆಂಕಿ ಗುಡ್ಡ ಇಳಿಯಿತು. ಮೇಲು ಹುಲ್ಲು ಚಟಪಟ ಹೊತ್ತಿತು. ಕೆಂಚವ್ವ ಗೂಡಿನ ಮೇಲೆ ರೆಕ್ಕೆ ಹರಡಿ ಕೂತಿದ್ದಳು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಹಾರು ಹಾರು ಅಂತ ಮೈ ಹೇಳುತ್ತಿತ್ತು. ಆಗ ಹೊಟ್ಟೆಯ ಕೆಳಗೆ ಟಿಕ್ ಅಂತ ಒಂದು ಸದ್ದು. ಒಳಗಿಂದ ಯಾರೋ ಕುಟುಕಿದರು. ಅವಳು ಹಾರಲಿಲ್ಲ.

ಬೆಂಕಿ ಬೋಳುಗೆರೆಯ ತನಕ ಬಂತು. ಆ ಕಡೆ ಈ ಕಡೆ ಹುಡುಕಿತು. ಉತ್ತ ಮಣ್ಣು ಬಿಟ್ಟು ಏನೂ ಸಿಗಲಿಲ್ಲ. ಹಾರಿ ಬಂದ ಒಂದೆರಡು ಕಿಡಿಗಳನ್ನು ದುರುಗವ್ವ ಕೆಸರು ಮೆತ್ತಿದ ಮೈಯಲ್ಲಿ ಹೊರಳಿ ಆರಿಸಿದಳು. ಬೆಂಕಿ ಅಲ್ಲೇ ಕೂತು ಹೊಗೆಯಾಯಿತು.

ಹಳ್ಳದ ಕಡೆ ಮಾತ್ರ ಅದಕ್ಕೆ ದಾರಿ ಸಿಕ್ಕಿತು. ತುಗ್ಗಲಿ ಸಾಲಿನ ತರಗು ಹಿಡಿದು ಬಳೆಯೊಳಗೆ ನುಗ್ಗಿತು. ಈಚಲ ಮೆಳೆ ಒಂದೇ ಸಲಕ್ಕೆ ಧಗ್ಗೆಂದಿತು. ಪುನುಗಯ್ಯ ಬಾಲದ ಕೂದಲು ಸುಟ್ಟುಕೊಂಡು ಗೆರೆ ದಾಟಿ ಈಚೆ ಬಿದ್ದ. ಅಲ್ಲೇ ಕೂತು ಮೆಳೆಯ ಕಡೆ ನೋಡುತ್ತಾ ಗೊಳೋ ಅಂತ ಅತ್ತ.

ದುರುಗವ್ವ ಅವನ ಪಕ್ಕ ಬಂದು ನಿಂತಳು.

"ಯಾಕಪ್ಪಾ ಅಳ್ತೀಯ? ನಿನಗೆ ಅಳುವುದಕ್ಕೆ ಏನೂ ಇರಲಿಲ್ಲವಲ್ಲ."

ಹೊಗೆ ಕಣ್ಣಿಗೆ ಹೋಯಿತು ಅಂದ ಪುನುಗಯ್ಯ.

ಆ ಬೇಸಿಗೆ ಪೂರಾ ಅವನು ಕಲ್ಲಿನ ಸಂದಿಯ ಜಿರಲೆ, ಜೀರುಂಡೆ ತಿಂದು ಕಳೆದ. ಹೇಳಿಯೂ ಕಳೆದುಕೊಂಡವರಿಗೆ ಪಾಲು ಹಂಚುವ ದಿನ ಅವನು ದೂರದಲ್ಲಿ ಕೂತು ಮೀಸೆ ನೆಕ್ಕುತ್ತಿದ್ದ. ಯಾರೂ ಕರೆಯಲಿಲ್ಲ. ಕರೆಯುವ ಹಾಗೂ ಇರಲಿಲ್ಲ, ಅವನು ಕಳೆದುಕೊಂಡದ್ದು ಏನೂ ಇಲ್ಲವಲ್ಲ.

ಕೆಂಚವ್ವನ ಮೊಟ್ಟೆ ಅಷ್ಟೂ ಒಡೆದವು. ಮೊದಲ ಮಳೆ ಬಿತ್ತು. ಮೇಲಿನ ಕರಿ ನೆಲದಲ್ಲಿ ಗಿಣಿ ಬಣ್ಣದ ಚಿಗುರು ಎದ್ದಿತು. ಚೆಲುವಣ್ಣನ ಹಿಂಡು ಮೇಯಲು ಬಂತು. ಅವುಗಳ ಗೊರಸಿಗೆ ಏಳುವ ಹುಳಗಳನ್ನು ಹಿಡಿಯಲು ಗೌಜಲ ಮರಿಗಳು ಕಾಲ ಸಂದಿಯಲ್ಲೇ ಓಡಾಡಿದವು. ಹೋದ ವರ್ಷ ಶಾಪ ಹಾಕಿದ ಕರಿ ನೆಲದ ಮೇಲೆ ತನ್ನ ಮರಿಗಳು ಹೊಟ್ಟೆ ತುಂಬ ತಿನ್ನುವುದನ್ನು ಕೆಂಚವ್ವ ನೋಡುತ್ತಾ ನಿಂತಳು. ಕಡವಜ್ಜಿ ಇದ್ದಿದ್ದರೆ ಏನನ್ನುತ್ತಿದ್ದಳೋ ಅಂದುಕೊಂಡಳು. ಏನೂ ಅನ್ನುತ್ತಿರಲಿಲ್ಲ. ಹರಿದ ಕಿವಿ ಅಲ್ಲಾಡಿಸಿ, ಮುಂದಿನವರನ್ನು ಕರೆಯಿರಿ ಅನ್ನುತ್ತಿದ್ದಳು.

ಮುಂದಿನ ವರ್ಷದ ಅಳುಕೂಟಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂತವನು ಪುನುಗಯ್ಯ. ಮುಖ ಸುಟ್ಟ ಬದನೆಕಾಯಿಯಾಗಿತ್ತು. ಸುಟ್ಟ ಈಚಲ ಬುಡಗಳು ಮತ್ತೆ ಗರಿ ಬಿಟ್ಟಿದ್ದವು. ಕೆಂಚವ್ವ ಕೇಳಿದಳು. ಅವನು ಹೇಳಿದ, ಇಡೀ ಕಾಡಿಗೆ ಕೇಳುವ ಹಾಗೆ ಹೇಳಿದ, ಹಣ್ಣಿನ ರುಚಿಯ ಸಮೇತ. ಹಂದಿಮರಿಗಳು ನಗಲು ಹೋದವು, ದುರುಗವ್ವ ಅವುಗಳ ತಲೆಗೊಂದು ತಿವಿದಳು. ಅವನು ಅತ್ತು ಮುಗಿಸುವ ತನಕ ಯಾರೂ ನಡುವೆ ಬಾಯಿ ಹಾಕಲಿಲ್ಲ.

ಆ ವರ್ಷ ಬೋಳುಗೆರೆ ಹಳ್ಳದ ಹತ್ತಿರ ಒಂದು ಬಾಗು ಬಾಗಿತು.

ನೀತಿ: ಒಬ್ಬೊಬ್ಬರಿಗೆ ಒಂದೊಂದು ಪ್ರಿಯ, ಅದನ್ನು ಎಲ್ಲರೆದುರು ಹೇಳಿಕೊಂಡು ಜಗಳವಾಡಿದವರೂ ಒಟ್ಟಿಗೆ ಉಳಿಯುತ್ತಾರೆ, ಮನಸ್ಸಿನ ಆಸೆ ಮುಚ್ಚಿಟ್ಟು ಎಲ್ಲರಿಗೂ ಹಿತವಾಗುವ ಮಾತಾಡಿದವನು ಅದನ್ನೇ ಕಳೆದುಕೊಳ್ಳುತ್ತಾನೆ.